ಏಪ್ರಿಲ್ 12ಕ್ಕೆ ಹೋಗುವುದಾದರೆ, ಯಾವ ವರ್ಷಕ್ಕೆ?

ಕಾಲದಲ್ಲಿ ಹಿಂದಕ್ಕೆ ಹೋಗಿ ಬರುವ ಅವಕಾಶ ನಿಮಗೆ ಸಿಕ್ಕಿದೆ ಅಂದುಕೊಳ್ಳೋಣ. ಷರತ್ತು ಒಂದೇ. ತಾರೀಖು ಏಪ್ರಿಲ್ 12 ಆಗಿರಬೇಕು. ಯಾವ ವರ್ಷ, ಯಾವ ಊರು ಅನ್ನೋದು ನಿಮಗೆ ಬಿಟ್ಟದ್ದು. ನಡುರಾತ್ರಿಯೊಳಗೆ ವಾಪಸ್ ಹೊರಟುಬಿಡಬೇಕು. ನೋಡಬಹುದು, ಕೇಳಬಹುದು. ಆದರೆ ಮುಂದೇನಾಗುತ್ತದೆ ಅಂತ ಅಲ್ಲಿ ಯಾರಿಗೂ ಹೇಳುವಂತಿಲ್ಲ.

ಈ ತಾರೀಖಿನಲ್ಲಿ ಆಗಿರುವುದು ಒಂದೆರಡಲ್ಲ. 1204ರಲ್ಲಿ ಕ್ರುಸೇಡಿನ, ಅಂದರೆ ಕ್ರೈಸ್ತ ಧರ್ಮಯುದ್ಧದ, ಸೈನಿಕರು ಕಾನ್‌ಸ್ಟಾಂಟಿನೋಪಲ್ (ಇವತ್ತಿನ ಇಸ್ತಾಂಬುಲ್) ನಗರದ ಗೋಡೆ ದಾಟಿದ್ದು ಈ ದಿನ. 1633ರಲ್ಲಿ ಗೆಲಿಲಿಯೊನನ್ನು ರೋಮ್‌ನಲ್ಲಿ ಮೊದಲ ಸಲ ವಿಚಾರಣೆಗೆ ಕೂರಿಸಿದ್ದು ಈ ದಿನ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. 1945ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ತೀರಿಕೊಂಡರು. 1955ರಲ್ಲಿ ಪೋಲಿಯೊ ಲಸಿಕೆ ಕೆಲಸ ಮಾಡುತ್ತದೆ ಅಂತ ಜಗತ್ತಿಗೆ ಗೊತ್ತಾಯಿತು. 1961ರಲ್ಲಿ ಸೋವಿಯತ್ ಒಕ್ಕೂಟದ ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿ ಭೂಮಿಯನ್ನು ಒಂದು ಸುತ್ತು ಹಾಕಿ ಬಂದರು. 1981ರಲ್ಲಿ ಮೊದಲ ಸ್ಪೇಸ್ ಷಟಲ್ ಮೇಲೆ ಹಾರಿತು. ಏಳರಲ್ಲಿ ಒಂದನ್ನು ಆರಿಸಬೇಕು.

ಹೀಗೆ ಆರಿಸುವಾಗ ಘಟನೆ ಎಷ್ಟು ದೊಡ್ಡದು ಅಂತ ನೋಡುವವರೇ ಜಾಸ್ತಿ. ಅದು ಸರಿಯಾದ ಅಳತೆ ಅಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಎಷ್ಟೋ ದೊಡ್ಡ ಘಟನೆಗಳು ಮುಚ್ಚಿದ ಕೋಣೆಯೊಳಗೆ ನಡೆಯುತ್ತವೆ. ಒಳಗೆ ನಿಮ್ಮನ್ನು ಬಿಡುವುದಿಲ್ಲ. ಬಿಟ್ಟರೂ ಕಾಣುವುದು ಒಂದು ಮೇಜು, ಒಂದಿಷ್ಟು ಕಾಗದ, ನಾಲ್ಕು ಜನ. ಅಲ್ಲಿ ಯಾರು ಏನು ಮಾತಾಡಿದರು ಅನ್ನೋದು ಬಹಳ ಸಲ ದಾಖಲೆಯಲ್ಲೇ ಸಿಗುತ್ತದೆ. ದಾಖಲೆಯಲ್ಲಿ ಸಿಗದೇ ಇರುವುದು, ಮುಂದೇನಾಗುತ್ತದೆ ಅಂತ ಗೊತ್ತಿಲ್ಲದೆ ನಿಂತಿರುವ ಜನ. ನಾವು ಈ ಕಡೆಯಿಂದ ಓದುವಾಗ ಎಲ್ಲವೂ ಹಾಗೇ ಆಗಬೇಕಿತ್ತು ಅನ್ನಿಸಿಬಿಡುತ್ತದೆ. ಅವತ್ತು ಅಲ್ಲಿದ್ದವರಿಗೆ ಹಾಗಿರಲಿಲ್ಲ. ಗಗಾರಿನ್ ಜೀವಂತ ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಲಸಿಕೆ ಫಲ ಕೊಟ್ಟಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಯನ್ನು ನೋಡಲಿಕ್ಕೇ ಅಷ್ಟು ದೂರ ಹೋಗಬೇಕು.

ಹಾಗಾಗಿ ನಾನು ಮೂರು ವಿಷಯ ನೋಡುತ್ತೇನೆ. ಒಬ್ಬ ಸಾಮಾನ್ಯ ಮನುಷ್ಯ ನಿಲ್ಲಬಹುದಾದ ಜಾಗದಿಂದ ಏನು ಕಾಣುತ್ತದೆ? ಜೀವ ಉಳಿಸಿಕೊಂಡು ಬರಬಹುದೇ? ಮೂರನೆಯದು ಕಷ್ಟದ್ದು. ಮುಂದೆ ಆಗುವುದು ನಿಮಗೆ ಗೊತ್ತಿರುತ್ತದೆ, ಹೇಳುವಂತಿಲ್ಲ. ಅದನ್ನು ಇಡೀ ದಿನ ಎದೆಯಲ್ಲಿಟ್ಟುಕೊಂಡು ಇರಬಲ್ಲಿರಾ?

ಮೊದಲು ಕ್ಯಾಲೆಂಡರ್ ಸರಿಮಾಡಿಕೊಳ್ಳಿ

1204ಕ್ಕೆ ಹೋಗುವವರು ಇದನ್ನು ಮರೆಯಬಾರದು. ಆಗ ಯುರೋಪಿನಲ್ಲಿ ನಡೆಯುತ್ತಿದ್ದದ್ದು ಜೂಲಿಯನ್ ಕ್ಯಾಲೆಂಡರ್. ನಾವು ಇವತ್ತು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ 1582ರಲ್ಲಿ ಬಂತು. 13ನೇ ಶತಮಾನದಲ್ಲಿ ಎರಡಕ್ಕೂ 7 ದಿನದ ವ್ಯತ್ಯಾಸ. ಅಂದರೆ ಅಲ್ಲಿನ ಏಪ್ರಿಲ್ 12 ನಮ್ಮ ಲೆಕ್ಕದಲ್ಲಿ ಏಪ್ರಿಲ್ 19. ಯಂತ್ರದಲ್ಲಿ ನಮ್ಮ ಲೆಕ್ಕದ 12 ಹಾಕಿ ಹೋದರೆ ಒಂದು ವಾರ ಮೊದಲೇ ಇಳಿಯುತ್ತೀರಿ. ಮುತ್ತಿಗೆ ಹಾಕಿದ ಸೈನ್ಯ ಇನ್ನೂ ತಯಾರಿಯಲ್ಲೇ ಇರುತ್ತದೆ. 1633ರ ರೋಮ್‌ನಲ್ಲಿ ಆಗಲೇ ಹೊಸ ಕ್ಯಾಲೆಂಡರ್ ಬಂದಿತ್ತು. ಅಲ್ಲಿಂದ ಈಚೆಗಿನ ಯಾವುದಕ್ಕೂ ಈ ತೊಂದರೆ ಇಲ್ಲ.

ಗಂಟೆಯ ಲೆಕ್ಕವೂ ನೋಡಿಕೊಳ್ಳಿ. ಸೋವಿಯತ್ ದಾಖಲೆಗಳಲ್ಲಿ ಗಗಾರಿನ್ ಹಾರಾಟದ ಸಮಯ ಮಾಸ್ಕೋ ಗಡಿಯಾರದ್ದು. ರಾಕೆಟ್ ಹಾರಿದ ಬೈಕನೂರಿನ ಸ್ಥಳೀಯ ಗಡಿಯಾರ ಅದಕ್ಕಿಂತ ಮುಂದಿತ್ತು.

ಮೊದಲ ಸಲ ಹೋಗುವವರಿಗೆ: 1981, ಫ್ಲಾರಿಡಾ

ಏಳರಲ್ಲಿ ಅತಿ ಸುಲಭದ್ದು ಇದು. ಮಕ್ಕಳನ್ನು ಕರೆದುಕೊಂಡು ಹೋಗಬೇಕಾದರೆ ಬೇರೆ ಯೋಚನೆಯೇ ಬೇಡ. ಕೆನಡಿ ಬಾಹ್ಯಾಕಾಶ ಕೇಂದ್ರದ 39ಎ ಕಟ್ಟೆಯಿಂದ ಕೊಲಂಬಿಯಾ ನೌಕೆ ಬೆಳಗ್ಗೆ 7 ಗಂಟೆಗೆ ಹಾರಿತು. ನೋಡಲು ಹತ್ತಿರದ ಊರುಗಳ ದಡದಲ್ಲಿ ಲಕ್ಷಗಟ್ಟಲೆ ಜನ ಸೇರಿದ್ದರು. ಅಷ್ಟು ಜನರ ನಡುವೆ ನೀವು ಯಾರು ಅಂತ ಯಾರೂ ಕೇಳುವುದಿಲ್ಲ.

ಟೈಟಸ್‌ವಿಲ್ ಊರಿನ ನೀರಿನ ಅಂಚಿಗೆ ನಿಲ್ಲಿ. ಅಲ್ಲಿಂದ ಉಡಾವಣೆ ಕಟ್ಟೆಗೆ ಸುಮಾರು 20 ಕಿಲೋಮೀಟರ್. ಮೊದಲು ಬೆಂಕಿ ಕಾಣುತ್ತದೆ, ಸದ್ದು ಇರುವುದಿಲ್ಲ. ಸದ್ದು ಅಷ್ಟು ದೂರ ಬರಲು ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಅಷ್ಟರೊಳಗೆ ನೌಕೆ ಮೋಡ ದಾಟಿರುತ್ತದೆ. ಇಂಧನದ ದೊಡ್ಡ ತೊಟ್ಟಿಗೆ ಬಿಳಿ ಬಣ್ಣ ಬಳಿದಿರುವುದನ್ನೂ ಗಮನಿಸಿ. ಮೊದಲ ಎರಡು ಹಾರಾಟ ಆದಮೇಲೆ ತೂಕ ಉಳಿಸಲು ಆ ಬಣ್ಣ ಬಿಟ್ಟರು. ಆಮೇಲಿನ ಚಿತ್ರಗಳಲ್ಲೆಲ್ಲ ಕಾಣುವುದು ಕಿತ್ತಳೆ ಬಣ್ಣದ ತೊಟ್ಟಿ.

ಇದು ಬರೀ ಬೆಂಕಿ ಹೊಗೆಯ ಪ್ರದರ್ಶನ ಅಲ್ಲ. ಆ ನೌಕೆ ಅದಕ್ಕೂ ಮೊದಲು ಒಮ್ಮೆಯೂ ಬಾಹ್ಯಾಕಾಶಕ್ಕೆ ಹೋಗಿರಲಿಲ್ಲ. ಜನರಿಲ್ಲದೆ ಪರೀಕ್ಷಾ ಹಾರಾಟ ಮಾಡದೆ ನೇರವಾಗಿ ಇಬ್ಬರನ್ನು ಕೂರಿಸಿ ಕಳಿಸಿದರು. ಒಬ್ಬರು ಜಾನ್ ಯಂಗ್, 1972ರಲ್ಲಿ ಚಂದ್ರನ ಮೇಲೆ ನಡೆದಾಡಿ ಬಂದವರು. ಇನ್ನೊಬ್ಬರು ರಾಬರ್ಟ್ ಕ್ರಿಪ್ಪನ್, ಅದು ಅವರ ಮೊದಲ ಹಾರಾಟ. ನಿಜಕ್ಕೂ ಏಪ್ರಿಲ್ 10ಕ್ಕೇ ಹಾರಬೇಕಿತ್ತು. ನೌಕೆಯ ಕಂಪ್ಯೂಟರುಗಳ ನಡುವೆ ಸಮಯ ಹೊಂದಾಣಿಕೆ ಆಗದೆ ಎರಡು ದಿನ ಮುಂದೆ ಹೋಯಿತು. ಗಗಾರಿನ್ ಹಾರಾಟಕ್ಕೆ ಸರಿಯಾಗಿ 20 ವರ್ಷ ತುಂಬಿದ ದಿನವೇ ಇದೂ ಆದದ್ದು ಹಾಗೆ. ಯಾರೂ ಯೋಜಿಸಿದ್ದಲ್ಲ.

ಎದೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಇಲ್ಲೂ ಇದೆ. ಇದೇ ಕೊಲಂಬಿಯಾ 2003ರ ಫೆಬ್ರವರಿ 1ರಂದು ಮರಳಿ ಬರುವಾಗ ಒಡೆದು ಏಳು ಜನ ಸತ್ತರು. ಸುತ್ತ ಜನ ಕುಣಿಯುವಾಗ ಇದು ನೆನಪಾಗುತ್ತದೆ. ಆದರೂ ಏಪ್ರಿಲ್ 14ರಂದು ಯಂಗ್ ಮತ್ತು ಕ್ರಿಪ್ಪನ್ ಕ್ಷೇಮವಾಗಿ ಇಳಿಯುತ್ತಾರೆ ಅನ್ನೋದೂ ನಿಮಗೆ ಗೊತ್ತಿರುತ್ತದಲ್ವಾ. ಅವತ್ತಿನ ಮಟ್ಟಿಗೆ ಸಂತೋಷ ಪಡಬಹುದು.

1961: ಬೈಕನೂರು ಬೇಡ, ಹೊಲಕ್ಕೆ ಹೋಗಿ

ಗಗಾರಿನ್ ಅಂದ ತಕ್ಷಣ ಎಲ್ಲರೂ ಬೈಕನೂರು ಅನ್ನುತ್ತಾರೆ. ಅದು ಆಗ ಬಿಗಿ ಕಾವಲಿನ ರಹಸ್ಯ ನೆಲೆ. ರಾಕೆಟ್ ಕಟ್ಟಿದ ಸೆರ್ಗೈ ಕೊರೊಲೆವ್ ಹೆಸರನ್ನೇ ಅವರು ಸಾಯುವವರೆಗೆ, ಅಂದರೆ 1966ರವರೆಗೆ, ಸರ್ಕಾರ ಮುಚ್ಚಿಟ್ಟಿತ್ತು. ಅಂಥ ಕಡೆ ಗುರುತಿಲ್ಲದ ಒಬ್ಬರು ಸಿಕ್ಕಿಬಿದ್ದರೆ ನಡುರಾತ್ರಿಯೊಳಗೆ ವಾಪಸ್ ಬರುವ ಮಾತೇ ಇಲ್ಲ. ಅಲ್ಲಿಂದ ಕಾಣುವ ದೃಶ್ಯವನ್ನು ಆಗಲೇ ಚಿತ್ರೀಕರಿಸಿದ್ದಾರೆ ಕೂಡ.

ಒಳಗಿನ ಕಥೆ ಮಾತ್ರ ರೋಚಕ, ಹೋಗುವ ಮೊದಲು ತಿಳಿದಿರಬೇಕು. ಗಗಾರಿನ್ ಒಳಗೆ ಕೂತ ಮೇಲೆ ಬಾಗಿಲು ಸರಿಯಾಗಿ ಮುಚ್ಚಿದೆ ಅಂತ ಸೂಚನೆ ಬರಲಿಲ್ಲ. ಕೆಲಸಗಾರರು ಬೋಲ್ಟುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿದರು. ತೂಕವೇ ಇಲ್ಲದ ಸ್ಥಿತಿಯಲ್ಲಿ ಮನುಷ್ಯನ ಬುದ್ಧಿ ನೆಟ್ಟಗಿರುತ್ತದೋ ಇಲ್ಲವೋ ಅನ್ನುವ ಅನುಮಾನ ಇತ್ತು. ಹಾಗಾಗಿ ನೌಕೆಯ ನಿಯಂತ್ರಣಕ್ಕೆ ಬೀಗ ಹಾಕಿ, ಬಿಚ್ಚುವ ಅಂಕಿ 125 ಅನ್ನು ಲಕೋಟೆಯಲ್ಲಿ ಇಟ್ಟಿದ್ದರು. ಆ ಅಂಕಿಯನ್ನು ಮೊದಲೇ ಗಗಾರಿನ್ ಕಿವಿಗೆ ಹಾಕಿದವರೂ ಇದ್ದರು. ಅವರಿಗೆ ಅಷ್ಟು ಆತಂಕ. ಮಾಸ್ಕೋ ಸಮಯ 9:07ಕ್ಕೆ ರಾಕೆಟ್ ಎದ್ದಿತು. ಇಳಿಯುವಾಗ ನೌಕೆಯ ಎರಡು ಭಾಗ ಸರಿಯಾಗಿ ಬೇರೆಯಾಗದೆ, ಗಗಾರಿನ್ ಇದ್ದ ಗೋಳ ಹಲವು ನಿಮಿಷ ಗಿರಗಿರನೆ ತಿರುಗಿತು. ಒಟ್ಟು ಹಾರಾಟ 108 ನಿಮಿಷ.

ನೀವು ಹೋಗಬೇಕಾದ್ದು ವೋಲ್ಗಾ ನದಿ ಹತ್ತಿರ, ಸರಾತೋವ್ ಪ್ರಾಂತ್ಯದ ಎಂಗೆಲ್ಸ್ ಪಟ್ಟಣದ ಆಚೆ, ಸ್ಮೆಲೋವ್ಕಾ ಹಳ್ಳಿಯ ಹೊಲಕ್ಕೆ. ಅಲ್ಲಿ ಅನ್ನಾ ತಖ್ತಾರೋವಾ ಅನ್ನುವ ಹೆಂಗಸು ತನ್ನ ಪುಟ್ಟ ಮೊಮ್ಮಗಳ ಜೊತೆ ಆಲೂಗಡ್ಡೆ ಹೊಲದಲ್ಲಿದ್ದರು. ಮಾಸ್ಕೋ ಸಮಯ ಸುಮಾರು 10:55ಕ್ಕೆ ಆಕಾಶದಿಂದ ಪ್ಯಾರಾಚೂಟ್‌ನಲ್ಲಿ ಒಬ್ಬ ಇಳಿದ. ಕಿತ್ತಳೆ ಬಣ್ಣದ ಉಡುಪು, ಬಿಳಿ ಶಿರಸ್ತ್ರಾಣ. 7 ಕಿಲೋಮೀಟರ್ ಎತ್ತರದಲ್ಲಿ ಗಗಾರಿನ್ ನೌಕೆಯಿಂದ ಹೊರಗೆ ಚಿಮ್ಮಿ ಬೇರೆಯಾಗಿ ಇಳಿದಿದ್ದರು. ಆ ಕಾಲದ ನಿಯಮದಂತೆ ವಿಶ್ವದಾಖಲೆಯ ಮಾನ್ಯತೆ ಸಿಗಬೇಕಾದರೆ ಚಾಲಕ ನೌಕೆಯೊಳಗೇ ಇಳಿಯಬೇಕಿತ್ತು. ಅದಕ್ಕೆ ಸೋವಿಯತ್ ಒಕ್ಕೂಟ ಈ ವಿಷಯವನ್ನು ಹಲವು ವರ್ಷ ಹೊರಗೆ ಬಿಡಲಿಲ್ಲ. ಹೊಲದಲ್ಲಿ ನಿಂತಿದ್ದರೆ ನಿಮ್ಮ ಕಣ್ಣಿಗೇ ಕಾಣುತ್ತಿತ್ತು.

ಅಜ್ಜಿ ಮೊಮ್ಮಗಳು ಹೆದರಿ ಹಿಂದೆ ಸರಿದರು. ಹೆದರದೆ ಏನು ಮಾಡುತ್ತಾರೆ? ಅದಕ್ಕೂ ಹಿಂದಿನ ವರ್ಷ, 1960ರ ಮೇ 1ರಂದು, ಅಮೆರಿಕದ ಗೂಢಚಾರಿ ವಿಮಾನವೊಂದನ್ನು ಸೋವಿಯತ್ ನೆಲದ ಮೇಲೆ ಹೊಡೆದುರುಳಿಸಿ, ಪ್ಯಾರಾಚೂಟ್‌ನಲ್ಲಿ ಇಳಿದ ಚಾಲಕನನ್ನು ಹಿಡಿದಿದ್ದರು. ಆಕಾಶದಿಂದ ಇಳಿದವನು ಶತ್ರು ಅಂತಲೇ ಯಾರಿಗಾದರೂ ಅನ್ನಿಸಬೇಕು. ಗಗಾರಿನ್ ಕೂಗಿ, ಹೆದರಬೇಡಿ, ನಾನು ನಿಮ್ಮವನೇ, ಸೋವಿಯತ್ ಪ್ರಜೆ ಅಂತ ಹೇಳಬೇಕಾಯಿತು. ಫೋನ್ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಭೂಮಿಯನ್ನು ಮೊದಲ ಸಲ ಹೊರಗಿನಿಂದ ನೋಡಿ ಬಂದ 27 ವರ್ಷದ ಹುಡುಗ ಮೊದಲು ಭೇಟಿಯಾದದ್ದು ಯಾವ ನಾಯಕನನ್ನೂ ಅಲ್ಲ, ಒಬ್ಬ ಅಜ್ಜಿಯನ್ನು ಮತ್ತು ಒಂದು ಮಗುವನ್ನು. ಈ ಒಂದು ಕಾರಣಕ್ಕೆ ನನ್ನ ಪಟ್ಟಿಯಲ್ಲಿ 1961 ಎರಡನೇ ಸ್ಥಾನದಲ್ಲಿದೆ.

ದೂರದಲ್ಲೇ ನಿಲ್ಲಿ. ಹತ್ತಿರ ಹೋದರೆ ಆ ಮೊದಲ ಭೇಟಿ ನಿಮ್ಮದಾಗಿಬಿಡುತ್ತದೆ. ಅದು ಅವರಿಗೆ ಸೇರಬೇಕಾದ್ದು. ಜೊತೆಗೆ ಸ್ವಲ್ಪ ಹೊತ್ತಿನಲ್ಲೇ ಸೈನಿಕರು ಬರುತ್ತಾರೆ, ರಷ್ಯನ್ ಭಾಷೆ ಬಾರದವರನ್ನು ಸುಮ್ನೆ ಬಿಡುವುದಿಲ್ಲ. ಪ್ಯಾರಾಚೂಟ್ ನೋಡಿದ ಹತ್ತು ನಿಮಿಷದೊಳಗೆ ಹೊರಡಿ.

1861: ಚಪ್ಪಾಳೆ ಹೊಡೆಯುವವರ ನಡುವೆ

ಅಮೆರಿಕದ ಚಾರ್ಲ್ಸ್‌ಟನ್ ಬಂದರಿನ ನಡುವೆ ಫೋರ್ಟ್ ಸಮ್ಟರ್ ಅನ್ನುವ ಕೋಟೆ. ಒಳಗೆ ಕೇಂದ್ರ ಸರ್ಕಾರದ ಕಡೆಯ ಮೇಜರ್ ರಾಬರ್ಟ್ ಆಂಡರ್ಸನ್ ಮತ್ತು ಸುಮಾರು 85 ಸೈನಿಕರು. ಆಹಾರ ಮುಗಿಯುತ್ತಾ ಬಂದಿತ್ತು. ದಡದ ಮೇಲೆ ಒಕ್ಕೂಟದಿಂದ ಹೊರಬಂದ ದಕ್ಷಿಣ ರಾಜ್ಯಗಳ ಫಿರಂಗಿಗಳು. ಅವುಗಳ ಸೇನಾಪತಿ ಬೋರೆಗಾರ್ಡ್, ಸೈನಿಕ ಶಾಲೆಯಲ್ಲಿ ಆಂಡರ್ಸನ್ ಕೈಯಲ್ಲೇ ಫಿರಂಗಿ ವಿದ್ಯೆ ಕಲಿತವನು. ಬೆಳಗಿನ ಜಾವ 4:30ಕ್ಕೆ ಮೊದಲ ಗುಂಡು ಕೋಟೆಯ ಮೇಲೆ ಸಿಡಿಯಿತು.

ನೋಡಲು ಅನುಕೂಲ ಅಂದರೆ ಇದು ಬಹಳ ಅನುಕೂಲ. ಊರಿನ ಜನ ಮನೆಯ ಮಾಳಿಗೆ ಹತ್ತಿ ನೋಡುತ್ತಿದ್ದರು. ಅಪಾಯವೂ ಕಡಿಮೆ. 34 ಗಂಟೆ ನಡೆದ ಆ ದಾಳಿಯಲ್ಲಿ ಎರಡೂ ಕಡೆ ಒಬ್ಬರೂ ಸಾಯಲಿಲ್ಲ.

ಹಾಗಿದ್ದರೂ ನಾನು ಇದನ್ನು ಮೇಲಿನ ಸಾಲಿನಲ್ಲಿ ಇಡುವುದಿಲ್ಲ. ಮಾಳಿಗೆಯ ಮೇಲೆ ಸಂಭ್ರಮ. ಒಂದೆರಡು ವಾರದಲ್ಲಿ ಎಲ್ಲ ಮುಗಿಯುತ್ತದೆ ಅಂದುಕೊಂಡವರು ಬೇಕಾದಷ್ಟಿದ್ದರು. ನಾಲ್ಕು ವರ್ಷ, 6 ಲಕ್ಷಕ್ಕೂ ಹೆಚ್ಚು ಸಾವು ಅಂತ ನಿಮಗೆ ಗೊತ್ತು. ಆ ಸಂಭ್ರಮದ ನಡುವೆ ನಿಂತಿರುವುದು ಭಾರ. ಯಾವುದನ್ನು ಉಳಿಸಿಕೊಳ್ಳಲು ಈ ಯುದ್ಧ ಅನ್ನೋದನ್ನೂ ಮರೆಯುವಂತಿಲ್ಲ. ಅದು ಮನುಷ್ಯರನ್ನು ಕೊಂಡು ಮಾರುವ ಹಕ್ಕಿಗಾಗಿ ನಡೆದ ಯುದ್ಧ.

ಹೋಗಲೇಬೇಕು ಅನ್ನುವವರಿಗೆ ಒಂದು ಮಾತು. ಕೋಟೆಯನ್ನು ನೋಡಬೇಡಿ, ಮನೆಗಳೊಳಗೆ ಕೆಲಸ ಮಾಡುತ್ತಿರುವ ಗುಲಾಮರನ್ನು ನೋಡಿ. ಆ ದಿನ ಅಲ್ಲಿದ್ದ ಮೇರಿ ಚೆಸ್ನಟ್ ಎಂಬ ಶ್ರೀಮಂತ ಮಹಿಳೆ ತನ್ನ ದಿನಚರಿಯಲ್ಲಿ ಇದನ್ನೇ ಗಮನಿಸಿ ಬರೆದಿದ್ದಾಳೆ. ಹಗಲೂ ರಾತ್ರಿ ಫಿರಂಗಿ ಸದ್ದು ಕೇಳುತ್ತಿದ್ದರೂ ಮನೆಯ ಆಳುಗಳ ಮುಖದಲ್ಲಿ ಏನೂ ತೋರುತ್ತಿರಲಿಲ್ಲವಂತೆ. ಅವರು ಏನು ಯೋಚಿಸುತ್ತಿದ್ದಾರೆ ಅಂತ ಆಕೆಗೆ ತಿಳಿಯಲಿಲ್ಲ. ಉತ್ತರ ಸಿಕ್ಕಿದ್ದು ಒಂದು ವರ್ಷದ ಮೇಲೆ. 1862ರ ಮೇ 13ರಂದು ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ಇದೇ ಬಂದರಿನಿಂದ ಒಂದು ಹಡಗನ್ನೇ ನಡೆಸಿಕೊಂಡು, ಮನೆಯವರನ್ನೆಲ್ಲ ಹತ್ತಿಸಿಕೊಂಡು, ಫಿರಂಗಿಗಳ ಎದುರೇ ದಾಟಿ ಉತ್ತರದ ಪಡೆಯನ್ನು ಸೇರಿಕೊಂಡ.

1204 ಮತ್ತು 1633

ಕಾನ್‌ಸ್ಟಾಂಟಿನೋಪಲ್‌ಗೆ ಹೋಗಬೇಡಿ. ದೃಶ್ಯ ಭಯಂಕರ ಅನ್ನೋದು ನಿಜ. ವೆನಿಸ್‌ನವರು ಎರಡೆರಡು ಹಡಗು ಜೋಡಿಸಿ ಕಟ್ಟಿ, ಕಂಬಗಳಿಂದ ಸೇತುವೆ ಚಾಚಿ, ಸಮುದ್ರದ ಕಡೆಯ ಗೋಡೆಯ ಬುರುಜುಗಳಿಗೆ ತಾಗಿಸಿದರು. ಮೂರು ದಿನ ಮೊದಲು ಇದೇ ಪ್ರಯತ್ನ ಸೋತಿತ್ತು. ಈ ಸಲ ಉತ್ತರದ ಗಾಳಿ ಬೀಸಿ ಹಡಗುಗಳನ್ನು ಗೋಡೆಗೆ ದೂಡಿತು. ಕಣ್ಣು ಕಾಣದ ಮುದುಕ ಎನ್ರಿಕೊ ದಾಂದೊಲೊ ವೆನಿಸ್‌ನ ಮುಖ್ಯಸ್ಥನಾಗಿ ಅಲ್ಲೇ ಇದ್ದ. ರಾತ್ರಿ ನಗರಕ್ಕೆ ಬೆಂಕಿ ಬಿತ್ತು, ಚಕ್ರವರ್ತಿ ಐದನೇ ಅಲೆಕ್ಸಿಯೋಸ್ ಓಡಿಹೋದ. ಮರುದಿನದಿಂದ ಮೂರು ದಿನ ಲೂಟಿ. ಕ್ರೈಸ್ತರ ಹೆಸರಿನಲ್ಲಿ ಹೊರಟವರು ಕ್ರೈಸ್ತರ ಅತಿ ದೊಡ್ಡ ನಗರವನ್ನೇ ಸೂರೆ ಮಾಡಿದರು. ಅಲ್ಲಿಂದ ಹೊತ್ತೊಯ್ದ ನಾಲ್ಕು ಕಂಚಿನ ಕುದುರೆಗಳು ಇವತ್ತೂ ವೆನಿಸ್‌ನ ಸಂತ ಮಾರ್ಕ್ ಚರ್ಚಿನಲ್ಲಿವೆ.

ನಗರದೊಳಗೆ ಸಿಕ್ಕಿಕೊಂಡರೆ ಬದುಕುವ ಖಾತ್ರಿ ಇಲ್ಲ. ಹೊರಗೆ, ಕಡಲಕೋಡಿಯ ಆಚೆ ದಡದ ಗಲಾಟಾದಿಂದ ನೋಡಬಹುದು, ಆದರೆ ಅದು ದಾಳಿಕೋರರ ಬೀಡಾರ. ಲೂಟಿಗೆ ಹೊರಟವರ ಜೊತೆ ನಿಂತು ನೋಡುವ ಮನಸ್ಸು ನನಗಂತೂ ಇಲ್ಲ. ನಗರದೊಳಗೇ ಇದ್ದು ಎಲ್ಲವನ್ನೂ ಅನುಭವಿಸಿದ ಇತಿಹಾಸಕಾರ ನಿಕೆಟಾಸ್ ಕೋನಿಯಾಟೆಸ್ ಬರೆದಿಟ್ಟಿರುವುದನ್ನು ಓದಿ. ಸಾಕು.

ಗೆಲಿಲಿಯೊ ವಿಚಾರಣೆಗೆ ಬೇಡ ಅನ್ನಲು ಕಾರಣ ಬೇರೆ. ಅಲ್ಲಿ ಅಪಾಯ ಇಲ್ಲ, ನೋಡಲಿಕ್ಕೇ ಏನಿಲ್ಲ. ವ್ಯಾಟಿಕನ್ ಪಕ್ಕದ ಧರ್ಮವಿಚಾರಣೆಯ ಅರಮನೆಯಲ್ಲಿ ಮುಚ್ಚಿದ ಕೋಣೆ. ವಿಚಾರಣಾಧಿಕಾರಿ ಮಾಕುಲಾನಿ, ಎದುರಿಗೆ 69 ವರ್ಷದ ಗೆಲಿಲಿಯೊ. ಪ್ರಶ್ನೆಗಳು ಲ್ಯಾಟಿನ್‌ನಲ್ಲಿ, ಉತ್ತರಗಳು ಇಟಾಲಿಯನ್‌ನಲ್ಲಿ. ಮಾತೆಲ್ಲ ತಿರುಗಿದ್ದು 17 ವರ್ಷ ಹಿಂದಿನ ಒಂದು ಎಚ್ಚರಿಕೆಯ ಸುತ್ತ. ಭೂಮಿ ಸುತ್ತುತ್ತದೆ ಅನ್ನುವ ಮತವನ್ನು ಯಾವ ರೀತಿಯಲ್ಲೂ ಕಲಿಸಬಾರದು ಅಂತ 1616ರಲ್ಲಿ ನಿನಗೆ ಹೇಳಿದ್ದೆವೋ ಇಲ್ಲವೋ? ಗೆಲಿಲಿಯೊ ಆಗ ಕಾರ್ಡಿನಲ್ ಬೆಲ್ಲಾರ್ಮಿನ್ ಕೊಟ್ಟಿದ್ದ ಪತ್ರದ ಪ್ರತಿಯನ್ನು ತೆಗೆದು ತೋರಿಸಿದ. ಅದರಲ್ಲಿ ಅಷ್ಟು ಕಟ್ಟುನಿಟ್ಟಿನ ಮಾತು ಇರಲಿಲ್ಲ. ಆದರೆ ಸಾಕ್ಷಿ ಹೇಳಬೇಕಾದ ಬೆಲ್ಲಾರ್ಮಿನ್ 1621ರಲ್ಲೇ ಸತ್ತಿದ್ದ.

ಇದೆಲ್ಲ ನನಗೆ ಹೇಗೆ ಗೊತ್ತು? ವಿಚಾರಣೆಯ ಬರಹ ಉಳಿದಿದೆ. ಪ್ರಶ್ನೆ, ಉತ್ತರ ಎಲ್ಲ ಇದೆ. ಆ ಮುದುಕನ ದನಿ ನಡುಗಿತೇ, ಪತ್ರ ತೆಗೆಯುವಾಗ ಅವನಿಗೆ ಗೆದ್ದೆ ಅನ್ನಿಸಿತೇ ಅನ್ನೋದು ಮಾತ್ರ ಬರಹದಲ್ಲಿಲ್ಲ. ಅದನ್ನು ಕೇಳಲಿಕ್ಕೆ ಹೋಗಬೇಕಾದರೆ ಕೋಣೆಯೊಳಗೇ ಇರಬೇಕು. ಆ ದಾರಿ ನಿಮಗಿಲ್ಲ. ಬೀದಿಯಲ್ಲಿ ನಿಂತರೆ ಒಂದು ಕಟ್ಟಡದ ಗೋಡೆ ಕಾಣುತ್ತದೆ. ಇದ್ದ ಒಂದು ಅವಕಾಶವನ್ನು ಅದಕ್ಕೆ ಖರ್ಚು ಮಾಡುವುದು ನಷ್ಟ.

1945 ಮತ್ತು 1955: ಬೇರೆ ಮಾಡಲಾಗದ ಜೋಡಿ

ಈ ಎರಡನ್ನು ನಾನು ಒಟ್ಟಿಗೇ ನೋಡುತ್ತೇನೆ. ಒಂದು ಸಾವು, ಹತ್ತು ವರ್ಷದ ನಂತರ ಅದೇ ದಿನ ಒಂದು ಶುಭವಾರ್ತೆ. ಎರಡನ್ನೂ ಕಟ್ಟಿರುವುದು ಒಂದೇ ಕಾಯಿಲೆ.

ಫ್ರಾಂಕ್ಲಿನ್ ರೂಸ್ವೆಲ್ಟ್‌ಗೆ 1921ರಲ್ಲಿ, 39ನೇ ವಯಸ್ಸಿನಲ್ಲಿ, ಕಾಲುಗಳ ಶಕ್ತಿ ಹೋಯಿತು. ವೈದ್ಯರು ಪೋಲಿಯೊ ಅಂದರು. ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನ ಬಿಸಿನೀರಿನಲ್ಲಿ ಈಜಿದರೆ ಅನುಕೂಲ ಆಗುತ್ತದೆ ಅಂತ ಅಲ್ಲಿಗೆ ಹೋದರು. ಆಮೇಲೆ ಆ ಜಾಗವನ್ನೇ ಕೊಂಡು ಪೋಲಿಯೊ ರೋಗಿಗಳ ಕೇಂದ್ರ ಮಾಡಿದರು. 1938ರಲ್ಲಿ ಪೋಲಿಯೊ ವಿರುದ್ಧ ಒಂದು ರಾಷ್ಟ್ರೀಯ ಪ್ರತಿಷ್ಠಾನ ಕಟ್ಟಿದರು. ಜನ ಹತ್ತು ಸೆಂಟಿನ ನಾಣ್ಯಗಳನ್ನು ಲಕೋಟೆಯಲ್ಲಿಟ್ಟು ಕಳಿಸಿದರು. ಆ ಚಿಲ್ಲರೆ ಕಾಸಿನಿಂದಲೇ ಮುಂದೆ ಲಸಿಕೆಯ ಸಂಶೋಧನೆ ನಡೆಯಿತು.

1945ರ ಏಪ್ರಿಲ್ 12ರ ಮಧ್ಯಾಹ್ನ ಅದೇ ವಾರ್ಮ್ ಸ್ಪ್ರಿಂಗ್ಸ್‌ನ ಮನೆಯಲ್ಲಿ ಅಧ್ಯಕ್ಷರು ಕೂತಿದ್ದರು. ಕಲಾವಿದೆ ಎಲಿಜಬೆತ್ ಶುಮಾಟೊಫ್ ಅವರ ಚಿತ್ರ ಬರೆಯುತ್ತಿದ್ದರು. ಹಿಂದಲೆಯಲ್ಲಿ ಭಾರಿ ನೋವು ಅಂದವರು ಕುಸಿದರು. 3:35ಕ್ಕೆ ಪ್ರಾಣ ಹೋಯಿತು. ಮಿದುಳಿನಲ್ಲಿ ರಕ್ತಸ್ರಾವ ಆಗಿತ್ತು. ಚಿತ್ರ ಅರ್ಧಕ್ಕೇ ನಿಂತಿತು.

ಆ ಮನೆಯ ಹತ್ತಿರ ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ. ಒಬ್ಬರ ಸಾವಿನ ಕೋಣೆಗೆ ಇಣುಕುವ ಹಕ್ಕು ಕಾಲ ದಾಟಿ ಬಂದವರಿಗೂ ಇಲ್ಲ. ವಾಷಿಂಗ್ಟನ್‌ನಲ್ಲಿ ಹ್ಯಾರಿ ಟ್ರೂಮನ್ ಸಂಜೆ 7:09ಕ್ಕೆ ಪ್ರಮಾಣ ವಚನ ತೆಗೆದುಕೊಂಡರು. ಉಪಾಧ್ಯಕ್ಷರಾಗಿ ಅವರಿಗೆ ಆಗಿದ್ದದ್ದು ಬರೀ 82 ದಿನ. ಹೊಸ ಬಗೆಯ ಬಾಂಬ್ ಒಂದನ್ನು ಮಾಡುತ್ತಿದ್ದೇವೆ ಅಂತ ಯುದ್ಧ ಮಂತ್ರಿ ಸ್ಟಿಮ್ಸನ್ ಅವರ ಕಿವಿಗೆ ಹಾಕಿದ್ದು ಅದೇ ಸಂಜೆ. ಆದರೆ ಅದೂ ಒಳಗಿನ ಕೋಣೆಯ ಮಾತು.

ವಾರ್ಮ್ ಸ್ಪ್ರಿಂಗ್ಸ್‌ನ ಕೇಂದ್ರದ ಕಡೆ ಹೋಗಿ. ಅಲ್ಲಿನ ರೋಗಿಗಳು ಆ ಸಂಜೆ ಅಧ್ಯಕ್ಷರ ಎದುರು ಒಂದು ಕಾರ್ಯಕ್ರಮ ಮಾಡಬೇಕಿತ್ತು. ಗಾಲಿಕುರ್ಚಿಯಲ್ಲಿ, ಊರುಗೋಲಿನಲ್ಲಿ ತಯಾರಾಗಿ ಕಾಯುತ್ತಿದ್ದರು. ನಮ್ಮ ಹಾಗೇ ಕಾಲಿನ ಶಕ್ತಿ ಕಳೆದುಕೊಂಡ ಒಬ್ಬ ದೇಶ ನಡೆಸುತ್ತಿದ್ದಾನೆ ಅನ್ನೋದು ಅವರಿಗೆ ಎಷ್ಟು ದೊಡ್ಡ ಧೈರ್ಯವಾಗಿತ್ತೋ. ಸುದ್ದಿ ಅವರಿಗೆ ತಲುಪುವ ಹೊತ್ತು ಅಲ್ಲಿರಲು ಗಟ್ಟಿ ಮನಸ್ಸು ಬೇಕು.

ಈಗ 1955. ಒಂದೇ ಅವಕಾಶ ಇದ್ದರೆ ನಾನು ಆರಿಸುವುದು ಇದನ್ನೇ.

ಆ ಕಾಲದ ಹೆದರಿಕೆ ಇವತ್ತು ಊಹಿಸುವುದು ಕಷ್ಟ. 1952ರ ಒಂದೇ ವರ್ಷ ಅಮೆರಿಕದಲ್ಲಿ ಸುಮಾರು 58,000 ಜನಕ್ಕೆ ಪೋಲಿಯೊ ಬಂತು. 3,000ಕ್ಕೂ ಹೆಚ್ಚು ಸಾವು. ಬೇಸಿಗೆ ಬಂತೆಂದರೆ ಈಜುಕೊಳ ಮುಚ್ಚುತ್ತಿದ್ದರು, ಮಕ್ಕಳನ್ನು ಆಟಕ್ಕೆ ಬಿಡುತ್ತಿರಲಿಲ್ಲ. ಉಸಿರಾಟದ ಸ್ನಾಯು ಸೋತ ಮಕ್ಕಳು ಉಸಿರಾಡಲು ನೆರವಾಗುವ ಕಬ್ಬಿಣದ ದೊಡ್ಡ ಪೆಟ್ಟಿಗೆಯೊಳಗೆ ಮಲಗಿ, ತಲೆ ಮಾತ್ರ ಹೊರಗಿಟ್ಟು ಬದುಕುತ್ತಿದ್ದರು. 1954ರಲ್ಲಿ ಜೋನಾಸ್ ಸಾಕ್ ಮಾಡಿದ ಲಸಿಕೆಯ ಪರೀಕ್ಷೆ ನಡೆಯಿತು. 18 ಲಕ್ಷ ಮಕ್ಕಳು ಸೇರಿದ್ದರು. ಕೆಲವರಿಗೆ ಲಸಿಕೆ, ಕೆಲವರಿಗೆ ಮದ್ದಿಲ್ಲದ ದ್ರವ, ಇನ್ನು ಕೆಲವರನ್ನು ಸುಮ್ನೆ ಗಮನಿಸುವುದು. ಲೆಕ್ಕ ಹಾಕುವ ಕೆಲಸ ಮಿಷಿಗನ್ ವಿಶ್ವವಿದ್ಯಾಲಯದ ಥಾಮಸ್ ಫ್ರಾನ್ಸಿಸ್ ಅವರದ್ದು. ಅವರು ಸಾಕ್‌ಗೆ ಗುರು. ಆದರೂ ಫಲಿತಾಂಶದ ಸುಳಿವನ್ನು ಯಾರಿಗೂ ಬಿಟ್ಟುಕೊಡದೆ ತಿಂಗಳುಗಟ್ಟಲೆ ಕೂತು ಲೆಕ್ಕ ಮಾಡಿದರು.

ಏಪ್ರಿಲ್ 12ರ ಬೆಳಗ್ಗೆ ಆನ್ ಆರ್ಬರ್ ಊರಿನ ರ‍್ಯಾಕಂ ಸಭಾಂಗಣದಲ್ಲಿ ಪ್ರಕಟಣೆ. 10:20ಕ್ಕೆ ಮಾತು ಶುರು ಅಂತ ನಿಗದಿ. ಒಂಬತ್ತು ದಾಟುತ್ತಿದ್ದಂತೆ ವರದಿಯ ಪ್ರತಿಗಳನ್ನು ಪತ್ರಕರ್ತರ ಕೋಣೆಗೆ ತಂದರು. ಪತ್ರಕರ್ತರು ಮುಗಿಬಿದ್ದರು. ಹಂಚುವವರು ಮೇಜು ಹತ್ತಿ ಪ್ರತಿಗಳನ್ನು ಎಸೆಯಬೇಕಾಯಿತು. ಲಸಿಕೆ ಕೆಲಸ ಮಾಡುತ್ತದೆ ಅನ್ನುವ ಸುದ್ದಿ ನಿಗದಿತ ಹೊತ್ತಿಗೂ ಮೊದಲೇ ಹೊರಗೆ ಹಾರಿತು. ಅಂಗವನ್ನು ಸೋಲಿಸುವ ಬಗೆಯ ಪೋಲಿಯೊ ವಿರುದ್ಧ 80ರಿಂದ 90 ಪ್ರತಿಶತ ರಕ್ಷಣೆ.

ಸಭಾಂಗಣದೊಳಗೆ ಒಂದೂವರೆ ಗಂಟೆಗೂ ಜಾಸ್ತಿ ಅಂಕಿಸಂಖ್ಯೆಯ ಭಾಷಣ. ಸಾಕ್ ತಮ್ಮ ಭಾಷಣದಲ್ಲಿ ಪ್ರಯೋಗಾಲಯದ ಸಂಗಡಿಗರ ಹೆಸರು ಹೇಳಲಿಲ್ಲ, ಅವರಿಗೆ ಅದು ಕೊನೆವರೆಗೂ ನೋವಾಗಿ ಉಳಿಯಿತು. ಇತಿಹಾಸಕಾರರಿಗೆ ಒಳಗೆ ಕೂರುವ ಆಸೆ ಇದ್ದರೆ ತಪ್ಪಿಲ್ಲ. ಉಳಿದವರು ಊರೊಳಗೆ ಇರಿ. ಯಾವುದಾದರೂ ಶಾಲೆಯ ಎದುರು, ರೇಡಿಯೊ ಇರುವ ಅಂಗಡಿಯ ಮುಂದೆ. ಚರ್ಚಿನ ಗಂಟೆಗಳು ಬಾರಿಸಿದವು. ಅಪ್ಪ ಅಮ್ಮಂದಿರು ಬೀದಿಯಲ್ಲೇ ಅತ್ತರು. ಈ ಬೇಸಿಗೆಯಲ್ಲಿ ಮಗು ಉಳಿಯುತ್ತದೋ ಇಲ್ಲವೋ ಅಂತ ಬೆಳಗ್ಗೆ ಎದ್ದವರು ಮಧ್ಯಾಹ್ನದ ಹೊತ್ತಿಗೆ ಬೇರೆಯೇ ಲೋಕದಲ್ಲಿದ್ದರು. ಇಷ್ಟು ಜನ ಒಟ್ಟಿಗೆ, ಯಾರನ್ನೂ ಸೋಲಿಸದೆ, ಸಂತೋಷಪಟ್ಟ ದಿನ ಇತಿಹಾಸದಲ್ಲಿ ಹುಡುಕಿದರೂ ಬೇಗ ಸಿಗುವುದಿಲ್ಲ.

ಸಾಧ್ಯವಾದರೆ ಮಧ್ಯಾಹ್ನ ಯಾವುದಾದರೂ ದೊಡ್ಡ ಆಸ್ಪತ್ರೆಯ ಪೋಲಿಯೊ ವಾರ್ಡಿನ ಕಡೆಗೂ ಹೋಗಿ. ಈ ಲಸಿಕೆ ಬರುವ ಕಾಯಿಲೆಯನ್ನು ತಡೆಯುತ್ತದೆ, ಬಂದುಹೋದದ್ದನ್ನು ಸರಿಮಾಡುವುದಿಲ್ಲ. ಆ ಕಬ್ಬಿಣದ ಪೆಟ್ಟಿಗೆಗಳಲ್ಲಿ ಇದ್ದವರೂ ಅದೇ ರೇಡಿಯೊ ಸುದ್ದಿ ಕೇಳಿದರು. ಗಂಟೆ ಸದ್ದಿನ ಜೊತೆ ಅವರನ್ನೂ ನೆನಪಿಟ್ಟುಕೊಳ್ಳದಿದ್ದರೆ ಆ ದಿನವನ್ನು ಅರ್ಧ ಮಾತ್ರ ನೋಡಿದ ಹಾಗೆ. ರಾತ್ರಿ ಟಿವಿಯಲ್ಲಿ ಪತ್ರಕರ್ತ ಎಡ್ವರ್ಡ್ ಮರೋ, ಈ ಲಸಿಕೆಯ ಪೇಟೆಂಟ್ ಯಾರದ್ದು ಅಂತ ಸಾಕ್ ಅವರನ್ನು ಕೇಳುತ್ತಾರೆ. ಜನರದ್ದು ಅನ್ನಬಹುದು, ಪೇಟೆಂಟ್ ಇಲ್ಲ, ಸೂರ್ಯನಿಗೆ ಪೇಟೆಂಟ್ ತೆಗೆಯಲಿಕ್ಕಾಗುತ್ತದೆಯೇ ಅಂತ ಸಾಕ್ ಉತ್ತರಿಸುತ್ತಾರೆ. ಅದನ್ನು ನೋಡಿಕೊಂಡೇ ಹೊರಡಿ.

ಎದೆಯ ಭಾರ ಇಲ್ಲೂ ತಪ್ಪಿದ್ದಲ್ಲ. ಕೆಲವೇ ವಾರಗಳಲ್ಲಿ ಒಂದು ಕಂಪನಿ ತಯಾರಿಸಿದ ಲಸಿಕೆಯಲ್ಲಿ ಜೀವಂತ ವೈರಸ್ ಉಳಿದಿದ್ದದ್ದು ಗೊತ್ತಾಯಿತು. ಮಕ್ಕಳಿಗೆ ಅಂಗ ಸೋತಿತು, ಕೆಲವರು ಸತ್ತರು. ಆಮೇಲೆ ತಯಾರಿಕೆಯ ನಿಯಮ ಬಿಗಿಯಾಯಿತು, ಲಸಿಕೆ ಮುಂದುವರಿಯಿತು. ಬೀದಿಯಲ್ಲಿ ಅಳುತ್ತಿರುವ ತಾಯಿಗೆ ಸ್ವಲ್ಪ ಕಾಯಿ ಅಂತ ಹೇಳಲು ನಾಲಿಗೆ ತುದಿಗೆ ಬರುತ್ತದೆ. ಹೇಳುವಂತಿಲ್ಲ. ಏಳು ಆಯ್ಕೆಗಳಲ್ಲಿ ಇದೇ ಅತಿ ಕಷ್ಟದ ಮೌನ ಅನ್ನಿಸುತ್ತದೆ ನನಗೆ. ಅದನ್ನು ತಡೆದುಕೊಳ್ಳಲಾರೆ ಅನ್ನುವವರು 1961ರ ಹೊಲಕ್ಕೆ ಹೋಗಿ.

ಒಂದೇ ದಿನದಲ್ಲಿ ಹಲವು ವರ್ಷ ಮುಟ್ಟಬಹುದೇ?

ಯಂತ್ರ ಬಿಟ್ಟರೆ ಗಡಿಯಾರ ಹಿಡಿದು ಹೀಗೆ ಜೋಡಿಸಬಹುದು. ಬೆಳಗಿನ ಜಾವ 4:30ಕ್ಕೆ 1861ರ ಚಾರ್ಲ್ಸ್‌ಟನ್. 7ಕ್ಕೆ 1981ರ ಫ್ಲಾರಿಡಾ. ಹತ್ತರ ನಂತರ 1955ರ ಆನ್ ಆರ್ಬರ್ ಅಥವಾ 1961ರ ಸ್ಮೆಲೋವ್ಕಾ. ಎರಡೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬರುವುದರಿಂದ ಒಂದನ್ನು ಬಿಡಬೇಕು. ಸಂಜೆಗೆ 1945.

ನಾನು ಇದನ್ನು ಸಲಹೆ ಮಾಡುವುದಿಲ್ಲ. ಎಲ್ಲ ಕಡೆ ಗದ್ದಲದ ಹೊತ್ತಿಗೆ ಇಳಿದು ಗದ್ದಲ ಮುಗಿಯುವ ಮೊದಲೇ ಹೊರಟರೆ, ಸುದ್ದಿ ಬರುವ ಮೊದಲಿನ ಆ ಸಾದಾ ಬೆಳಗ್ಗೆ ನಿಮಗೆ ಎಲ್ಲೂ ಸಿಗುವುದಿಲ್ಲ. ಅದೂ ಅಲ್ಲದೆ ಗಡಿಯಾರದ ಈ ಕ್ರಮದಲ್ಲಿ ಲಸಿಕೆಯ ಸಂತೋಷ ಮೊದಲು, ರೂಸ್ವೆಲ್ಟ್ ಸಾವು ಆಮೇಲೆ ಬರುತ್ತದೆ. ತಿರುಗುಮುರುಗಾಗುತ್ತದೆ. ಎರಡು ಪ್ರಯಾಣಕ್ಕೆ ಅನುಮತಿ ಸಿಕ್ಕರೆ 1945ಕ್ಕೆ ಮೊದಲು ಹೋಗಿ ಬನ್ನಿ, ವಿಶ್ರಾಂತಿ ತೆಗೆದುಕೊಳ್ಳಿ, ಆಮೇಲೆ 1955ಕ್ಕೆ ಹೊರಡಿ.

1955ಕ್ಕೆ ಹೋಗುವವರು ಬೆಳಗ್ಗೆ ಎಂಟಕ್ಕೆಲ್ಲ ಆನ್ ಆರ್ಬರ್‌ನಲ್ಲಿ ಇಳಿದಿರಬೇಕು. ಮಕ್ಕಳು ಶಾಲೆಗೆ ಹೊರಡುವ ಹೊತ್ತು ಅದು. ಒಂಬತ್ತೂಕಾಲು ದಾಟಿದರೆ ಸುದ್ದಿ ಗೊತ್ತಿಲ್ಲದವರು ಊರಿನಲ್ಲಿ ಕಡಿಮೆಯಾಗುತ್ತಾ ಹೋಗುತ್ತಾರೆ.